ಒಂದು, ಎರಡು, ಒಂದು

ಬೆಳಗ್ಗೆ ಹತ್ತೂ ನಲವತ್ತು. ಸರ್ಕಾರಿ ಪ್ರಯೋಗಾಲಯದ ಮುಖ್ಯಸ್ಥರು ಕಾರ್ಖಾನೆಯೊಂದನ್ನು ಮುಚ್ಚಿಸುವ ಆದೇಶ ಬರೆಯಲು ಕುಳಿತಿದ್ದರು.

ಕಾರ್ಖಾನೆಯ ಮಾಲೀಕ ಎದುರಿಗೇ ನಿಂತಿದ್ದ. ಮೇಜಿನ ಮೇಲೆ ಗಾಜಿನ ಬಟ್ಟಲಲ್ಲಿ ಅವನ ಬಿಳಿ ಪುಡಿ. ಪಕ್ಕದಲ್ಲಿ ವರದಿ: ಕಾರ್ಬನ್ ಶೇಕಡಾ 40, ಹೈಡ್ರೋಜನ್ 6.7, ಆಕ್ಸಿಜನ್ 53.3. ಮುಖ್ಯಸ್ಥರು ಒಂದೊಂದನ್ನೂ ಆಯಾ ಪರಮಾಣು ತೂಕದಿಂದ ಭಾಗಿಸಿದ್ದರು. ಬಂದ ಅನುಪಾತ ಒಂದು, ಎರಡು, ಒಂದು. CH₂O.

“ಫಾರ್ಮಾಲ್ಡಿಹೈಡ್,” ಎಂದರು. “ಹೆಣ ಕೆಡದ ಹಾಗೆ ಇಡೋಕೆ ಬಳಸೋದು. ಇದನ್ನ ಮಕ್ಕಳಿಗೆ ದಿನಕ್ಕೆ ಮೂರು ಸಲ ಕುಡಿಸ್ತೀಯೇನಯ್ಯಾ?”

“ಅಯ್ಯೋ ಸಾರ್! ಎಂಟು ವರ್ಷದಿಂದ ಕೊಡ್ತಿದ್ದೀನಿ. ಯಾರಿಗೂ ಏನೂ ಆಗಿಲ್ಲ.”

ಮೂಲೆಯ ಮೇಜಿನಿಂದ ವಿಶ್ಲೇಷಕಿ ಎದ್ದು ಬಂದಳು. “ಸಾರ್, ಫಾರ್ಮಾಲ್ಡಿಹೈಡ್ ಅನಿಲ. ಇದು ಪುಡಿ.”

“ಒಣಗಿಸಿರ್ತಾನಮ್ಮಾ. ಇವರೆಲ್ಲ ಘಾಟಿಗಳು.”

“ಇದು ಬರೀ ಅನುಪಾತ ಸಾರ್. ವಿನೆಗರ್‌ನಲ್ಲಿರೋ ಆಮ್ಲಕ್ಕೂ ಇದೇ ಬರುತ್ತೆ. ಅಣುತೂಕ ನೋಡದೆ ಹೇಳೋಕಾಗಲ್ಲ.”

“ಅಷ್ಟೆಲ್ಲ ನೋಡ್ತಾ ಕೂತ್ರೆ ಆದೇಶ ಬರೆಯೋದು ಯಾವಾಗ?”

ಮಾಲೀಕ ಕೈಮುಗಿದ. “ನೋಡಿಬಿಡಿ ತಾಯೀ. ನನ್ನ ಪುಡಿ ಅಪ್ಪಟ. ಮಕ್ಕಳು ಇನ್ನೊಂದು ಚಮಚ ಕೊಡಿ ಅಂತ ಹಟ ಮಾಡ್ತಾವೆ.” ಯಾರೂ ತಡೆಯುವ ಮೊದಲೇ ಬಟ್ಟಲಿಂದ ಎರಡು ಚಮಚ ಬಾಯಿಗೆ ಸುರಿದುಕೊಂಡು ಚಪ್ಪರಿಸಿದ.

ವಿಶ್ಲೇಷಕಿ ಉಳಿದ ಪುಡಿಯನ್ನು ತೂಗಿ ನೀರಿನಲ್ಲಿ ಕರಗಿಸಿದಳು. ಆ ನೀರು ಸೊನ್ನೆ ಡಿಗ್ರಿಗಿಂತ ಎಷ್ಟು ಕೆಳಗೆ ಹೆಪ್ಪುಗಟ್ಟುತ್ತದೆಂದು ಅಳೆದಳು. ಅದರಿಂದ ಸಿಕ್ಕ ಅಣುತೂಕ 180. CH₂O ತೂಕ 30. ಆರು ಪಟ್ಟು. ಹಾಗಾದರೆ C₆H₁₂O₆. ಗ್ಲೂಕೋಸ್ ಪರೀಕ್ಷೆಯ ಪಟ್ಟಿಯನ್ನೂ ಅದ್ದಿದಳು, ಬಣ್ಣ ತಿರುಗಿತು.

“ಗ್ಲೂಕೋಸ್ ಸಾರ್. ಬೇರೇನೂ ಇಲ್ಲ.”

ಮಾಲೀಕನಿಗೆ ಹೋದ ಜೀವ ಬಂದಂತಾಯಿತು. “ನಾನು ಹೇಳ್ಲಿಲ್ವಾ! ‘ಬೇರೇನೂ ಇಲ್ಲ’ ಅಂದ್ರಲ್ಲ, ಅದನ್ನ ಹಾಗೇ ಬರೆದುಕೊಡಿ ತಾಯೀ. ಮೊಹರು ದೊಡ್ಡದೇ ಇರಲಿ.”

ಅವಳು ಅವನನ್ನೊಮ್ಮೆ ನೋಡಿದಳು. “ನಿಜವಾಗಲೂ ಬೇಕಾ?”

“ಬೇಕೇ ಬೇಕು!”

ಬರೆದುಕೊಟ್ಟಳು. ದೊಡ್ಡ ಮೊಹರನ್ನೇ ಒತ್ತಿದಳು. ಮುಖ್ಯಸ್ಥರು ಮುಖ ಸಿಂಡರಿಸಿಕೊಂಡು ರುಜು ಹಾಕಿದರು.

ಮಧ್ಯಾಹ್ನ ಎರಡು ಗಂಟೆಗೆ, ಆ ಪತ್ರದ ಆಧಾರದ ಮೇಲೆಯೇ, ಅವನ ಜ್ವರದ ಔಷಧಿ ಕಾರ್ಖಾನೆಗೆ ಬೀಗ ಬಿತ್ತು.