ಬಾಗಿಲ ಮುಂದಿನ ಗುಡಾರ

ಗುಡಾರ ಹಾಕಿದಲ್ಲಿ ನಸುಕಿಗೆ ಆಕಾಶದಿಂದ ಮನ್ನ ಉದುರುತ್ತದೆ. ಅದು ವಲಸೆ ಹೊರಟವರ ಬುತ್ತಿ; ಮನೆ ಕಟ್ಟಿಕೊಂಡವರ ಅಂಗಳಕ್ಕೆ ಬೀಳುವುದಿಲ್ಲ. ಅದಕ್ಕೇ ಹೊಗ್ಲಾ ತನ್ನ ಮನೆಯ ಮುಂದೆಯೇ ಗುಡಾರ ಹಾಕಿ, ಮನ್ನ ಆಯುತ್ತಿದ್ದಳು.

ವಲಸೆ ಹೊರಟಿದ್ದ ಇಬ್ರಿಯರ ಗುಂಪೊಂದು ಅವಳನ್ನು ಕಂಡು ನಿಂತಿತು.

“ನಿನ್ನೋರು ಬಿಟ್ಟು ಹೋದ್ರೇನಮ್ಮ?” ಮುಂದಿದ್ದವನು ಕೇಳಿದ.

“ಹೂಂ,” ಎಂದಳು ಹೊಗ್ಲಾ, ಬೇರೇನೂ ತೋಚದೆ.

ಒಂಟಿಯಾದವರನ್ನು ಬಿಟ್ಟು ಮುಂದೆ ಹೋಗುವ ಪದ್ಧತಿ ಅವರಲ್ಲಿಲ್ಲ. ಗಂಡಸರು ಆಗಲೇ ಗುಡಾರದ ಗೂಟ ಕೀಳತೊಡಗಿದರು. ಕತ್ತೆಯ ಮೇಲಿದ್ದ ಮುದುಕಿ ಕಷ್ಟಪಟ್ಟು ಇಳಿದಳು. “ನೀನು ಕೂತ್ಕೋ ಮಗಳೇ, ನಾನು ನಡೀತೀನಿ.”

ಅಷ್ಟರಲ್ಲಿ ಗುಡಾರದ ಹಿಂದಿದ್ದ ಮನೆಯ ಬಾಗಿಲು ತೆರೆಯಿತು. ಹೊಗ್ಲಾಳ ಗಂಡ ಕೂಗಿದ: “ಮನ್ನ ತಾರೇ, ಎಣ್ಣೆ ಕಾದಿದೆ!”

ಗಂಡಸರು ಗೂಟಗಳನ್ನು ಮೆಲ್ಲಗೆ ಕೆಳಗಿಟ್ಟರು. ಹೊಗ್ಲಾ ತಲೆ ಎತ್ತಲಿಲ್ಲ.

“ಕತ್ತೆ ಮೇಲೆ ಮತ್ತೆ ಹತ್ತಿಸಮ್ಮ,” ಎಂದು ಮುದುಕಿ ತನ್ನ ಬಿರುಕುಬಿಟ್ಟ ಪಾದವನ್ನು ಅವಳ ಅಂಗೈಯಲ್ಲಿಟ್ಟಳು.