ಬಾಗಿಲವರೆಗೆ

ಬಿದಿರು ದೊಣ್ಣೆಯ ಹಮಾಲಿ ಮತ್ತೆ ಅವಳನ್ನೇ ನೋಡುತ್ತಿದ್ದ.

ಸೂಯುನ್ ಮುಖ ತಿರುಗಿಸಿದಳು. ಬೆಳಗ್ಗೆ ಹಡಗಿಳಿದು, ನದಿಯ ಮೆಟ್ಟಿಲು ಹತ್ತಿ ಈ ಕಟ್ಟಡದ ಬಾಗಿಲಿಗೆ ಬಂದಾಗಿನಿಂದ ಅವನು ಅಲ್ಲೇ ಇದ್ದಾನೆ. ಐವತ್ತು ದಾಟಿದ ವಯಸ್ಸು. ಸಿಗರೇಟು ಎಡಗೈಯಲ್ಲಿ. ಅಪ್ಪನೂ ಎಡಚ ಎಂದು ಅಮ್ಮ ಹೇಳುತ್ತಿದ್ದಳು.

ಅವಳ ಎದೆಯ ಮೇಲೆ ಪ್ರವಾಸಿ ತಂಡದ ಹಳದಿ ಬಿಲ್ಲೆ, ಕೊರಳಲ್ಲಿ ಒಂದೂ ಚಿತ್ರ ತೆಗೆಯದ ಕ್ಯಾಮೆರಾ. ವೂಹಾನಿನಿಂದ ಜೊತೆಗೆ ಬಂದವರೆಲ್ಲ ಚೋಂಗ್‌ಚಿಂಗ್ ಸುತ್ತಲು, ಕೆಂಪು ಎಣ್ಣೆಯ ಖಾರ ತಿಂದು ಬೆವರಲು ಹೋಗಿದ್ದರು. ಸಂಜೆಗೆ ಹಡಗು ವಾಪಸು. ಅವಳು ಮಾತ್ರ ಊರು ನೋಡಲು ಬಂದವಳಲ್ಲ. ತಾನು ಐದು ವರ್ಷದವಳಿದ್ದಾಗ ಮನೆ ಬಿಟ್ಟುಹೋದ ಅಪ್ಪನ ಮುಖ ಒಮ್ಮೆ ನೋಡಬೇಕಿತ್ತು. ಅಷ್ಟೇ. ಅಮ್ಮ ತೀರಿಹೋದ ಮೇಲೆ ಅವಳಿಗೆ ಉಳಿದದ್ದು ಆ ಮುಖವೊಂದೇ, ಅದೂ ನೆನಪಿಲ್ಲ.

ಹೋದ ವಾರ ಅಪ್ಪ ಯಾವುದೋ ಅಂಗಡಿಯಿಂದ ಫೋನು ಮಾಡಿದ್ದ. ಮಾತಿಗಿಂತ ಕೆಮ್ಮೇ ಹೆಚ್ಚು.

"ಎದೆ ಪೂರ್ತಿ ಹಾಳಾಗಿದೆ, ಮಗಳೇ. ಈ ಬೇಸಿಗೆ ದಾಟಲ್ಲ ಅಂದಿದಾರೆ ಡಾಕ್ಟ್ರು. ಮನೆ ಒಳಗೆ ಬರಬೇಡ, ಇಲ್ಲಿರೋ ಹೆಂಡ್ತಿಗೆ ನಿನ್ನ ವಿಷಯ ಹೇಳಿಲ್ಲ. ಮೆಟ್ಟಿಲು ಹತ್ತಿ ಇಳಿಯೋದು ನನ್ನ ಕೈಲಾಗಲ್ಲ. ಕಟ್ಟಡದ ಬಾಗಿಲವರೆಗೆ ಬರ್ತೀನಿ. ಕೂತಿರ್ತೀನಿ, ನೀನು ಬರೋವರೆಗೂ."

ಬಾಗಿಲು ತೆರೆದೇ ಇತ್ತು. ಒಳಗೆ ಕತ್ತಲು. ಇಷ್ಟು ದೊಡ್ಡ ಕಟ್ಟಡ, ಆದರೂ ಬೆಳಗ್ಗೆಯಿಂದ ಕಸದ ಬುಟ್ಟಿ ಹಿಡಿದ ಒಬ್ಬ ಹೆಂಗಸು ಬಿಟ್ಟರೆ ಯಾರೂ ಹೊರಗೆ ಬಂದಿರಲಿಲ್ಲ.

"ಯಾರ ಮನೆಗೆ ಬಂದಿದ್ದು, ತಂಗಿ?" ಹಮಾಲಿ ಕೇಳಿದ.

"ಯಾರ ಮನೆಗೂ ಅಲ್ಲ."

"ಹಾಗಾದ್ರೆ ಬಾಗಿಲು ಕಾಯೋ ಕೆಲಸಾನಾ? ಗೋಡೆ ಯಾರೂ ಎತ್ಕೊಂಡು ಓಡಿಹೋಗಲ್ಲ ಬಿಡು, ಕೂತ್ಕೋ."

ಸೂಯುನ್ ನಗಲಿಲ್ಲ. ಗುರುತಿಲ್ಲದವರ ಮುಂದೆ ತಡವರಿಸುವುದು ಅವಳ ಹಳೆಯ ರೋಗ. ಅಪ್ಪನ ಹೆಸರು ಹೇಳಿಬಿಟ್ಟರೆ ಇಡೀ ಕಟ್ಟಡಕ್ಕೆ ಸುದ್ದಿಯಾದೀತು ಎಂಬ ಭಯ ಬೇರೆ.

"ನೀವು ಯಾರಿಗೆ ಕಾಯ್ತಿದೀರಾ, ಚಿಕ್ಕಪ್ಪ?"

"ಕರೆಯೋರಿಗೆ. ಯಾರು ಕರೆದ್ರೂ ಅವರ ಹಿಂದೆ ಹೋಗೋದೇ." ಅವನು ಕೆಮ್ಮಿ ಹೊಗೆ ಬಿಟ್ಟ. "ಆದ್ರೆ ಮೇಲಿನೋರು ಈ ಕಡೆ ಇಳಿಯೋದೇ ಇಲ್ಲ ಈಗ."

ಆ ಕೆಮ್ಮಿಗೆ ಅವಳು ಅವನತ್ತ ತಿರುಗಿದಳು. ಇವನೇ ಇರಬಹುದೇ? ಎದುರಿಗೆ ಕೂತು, ಹೇಳಲಾರದೆ, ಮಗಳನ್ನು ನೋಡಿಯೇ ಸಮಾಧಾನಪಟ್ಟುಕೊಳ್ಳುತ್ತಿದ್ದಾನೆಯೇ?

ಉತ್ತರ ಹುಡುಕುವವಳಂತೆ ಕತ್ತೆತ್ತಿದಳು. ಕಟ್ಟಡ ಬೆಟ್ಟಕ್ಕೆ ಬೆನ್ನು ಅಂಟಿಸಿಕೊಂಡು ನೆಟ್ಟಗೆ ಏರಿ, ತಾರಸಿಯ ಕಂಬಿಗಳಲ್ಲಿ ಮುಗಿದಿತ್ತು. ಆಚೆಗೆ ಬರೀ ಮಂಜು. ಕಂಬಿಗಳಿಗೆ ಒರಗಿ ಯಾರೋ ಮುದುಕ ಕೂತಿದ್ದ, ಬೆನ್ನು ಈ ಕಡೆಗೆ. ಪಕ್ಕದಲ್ಲಿ ಇನ್ನೊಂದು ಮಡಚುವ ಸ್ಟೂಲು, ಖಾಲಿ. ಬೆಳಗ್ಗೆಯೂ ಹೀಗೇ ಕೂತಿದ್ದ. ಹೆಂಡತಿ ಟೀ ತರುತ್ತಾಳೇನೋ. ಕೆಲವರಿಗೆ ತಾರಸಿಯ ಮೇಲೆ ಕೂತು ಮಂಜು ನೋಡುವಷ್ಟು ಪುರುಸೊತ್ತು, ಕೆಲವರಿಗೆ ಬಾಗಿಲವರೆಗೆ ಬಂದು ಮಗಳನ್ನು ನೋಡುವಷ್ಟೂ ಇಲ್ಲ.

ಎಲ್ಲೋ ಹಾರ್ನ್ ಕೇಳಿಸಿತು, ಆಕಾಶದಿಂದ ಬಂದ ಹಾಗೆ. ಈ ಊರಿನಲ್ಲಿ ಶಬ್ದಕ್ಕೂ ದಿಕ್ಕು ದೆಸೆ ಇಲ್ಲ ಎಂದುಕೊಂಡಳು.

ಮಧ್ಯಾಹ್ನ ಕಳೆಯಿತು. ಹಮಾಲಿ ಆವಿಯಲ್ಲಿ ಬೇಯಿಸಿದ ತನ್ನ ಬನ್ನಿನಲ್ಲಿ ಅರ್ಧ ಮುರಿದು ಕೊಟ್ಟ. ಅವಳು ತಿಂದಳು. ಫೋನು ಹುಡುಕಿಕೊಂಡು ಹೋಗೋಣವೆಂದರೆ, ಅಷ್ಟರಲ್ಲಿ ಅಪ್ಪ ಬಂದು ಹೋಗಿಬಿಟ್ಟರೆ? ಕದಲಲಿಲ್ಲ. ಒಮ್ಮೆ ಮೇಲಿನ ಮುದುಕ ತಿರುಗಿ ಕೆಳಗೆ ಬಗ್ಗಿ ನೋಡಿದ. ಮಂಜಿನಲ್ಲಿ ಮುಖ ಕಾಣಲಿಲ್ಲ. ಕಾದು ಕಾದು ಸೋತದ್ದನ್ನು ಯಾರೋ ನೋಡಿದರೆಂದು ಅವಳಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿದಳು.

ಕೆಳಗೆ ಹಡಗಿನ ಶಿಳ್ಳೆ ಕೂಗಿತು.

ಹಮಾಲಿ ಕೇಳದೆಯೇ ಅವಳ ಚೀಲವನ್ನು ದೊಣ್ಣೆಗೆ ಸಿಕ್ಕಿಸಿ ಮೆಟ್ಟಿಲಿಳಿದ. ಅರ್ಧ ದಾರಿಯಲ್ಲಿ ಅವಳು ಕಣ್ಣು ಮುಚ್ಚಿಕೊಂಡು ಕೇಳಿಬಿಟ್ಟಳು. "ನಿಮಗೆ... ಮಗಳು ಇದಾಳಾ?"

"ಮಗಳಾ! ನಂಗೆ ಹೆಣ್ಣು ಯಾರು ಕೊಡ್ತಾರೆ, ತಂಗಿ? ಈ ದೊಣ್ಣೇನೇ ಹೆಂಡ್ತಿ, ಇದೇ ಮಗಳು." ಅವನು ನಕ್ಕ. ಎಡಗೈಯಲ್ಲಿದ್ದ ದೊಣ್ಣೆಯನ್ನು ಬಲಗೈಗೆ ಬದಲಾಯಿಸಿದ. ಕೆಮ್ಮು ಬರಲಿಲ್ಲ.

ಹಡಗುಕಟ್ಟೆಯಲ್ಲಿ ಫೋನಿತ್ತು. ಅಪ್ಪ ಕೊಟ್ಟಿದ್ದ ಅಂಗಡಿಯ ನಂಬರು ಬಾಯಿಪಾಠವಾಗಿತ್ತು. ಒಬ್ಬ ಹೆಂಗಸು ಎತ್ತಿದಳು. ಜೀವನದಲ್ಲಿ ಮೊದಲ ಸಲ ಸೂಯುನ್ ತಡವರಿಸದೆ ಮಾತಾಡಿದಳು.

"ಗೆಂಗ್ ಅವರಿಗೆ ಹೇಳಿ. ಮಗಳು ಬಂದಿದ್ದಳು, ಸಂಜೆವರೆಗೂ ಕಾದಳು. ಇನ್ನು ಬರಲ್ಲ. ಅವಳಿಗೆ ಅಪ್ಪ ಇಲ್ಲವಂತೆ."

"ಅಯ್ಯೋ, ನಿಲ್ಲಮ್ಮಾ, ಅವರು ಇಲ್ಲೇ..."

ಫೋನು ಇಟ್ಟುಬಿಟ್ಟಳು.

ಹಡಗು ದಡ ಬಿಟ್ಟಿತು. ನದಿಯ ನಡುವಿಗೆ ಬರುವಷ್ಟರಲ್ಲಿ ಗಾಳಿ ಎದ್ದು ಮಂಜನ್ನು ಎತ್ತಿಕೊಂಡು ಹೋಯಿತು. ಬೆಟ್ಟ ಪೂರ್ತಿ ಕಾಣಿಸಿತು. ದಿನವಿಡೀ ತಾನು ನಿಂತಿದ್ದ ಕಟ್ಟಡವನ್ನು ಅವಳು ಹುಡುಕಿದಳು. ಅದು ತಾರಸಿಯಲ್ಲಿ ಮುಗಿದಿರಲಿಲ್ಲ. ಅದರ ಹಿಂದಿನಿಂದ ಇನ್ನೂ ಅಷ್ಟೇ ಎತ್ತರಕ್ಕೆ, ಕಿಟಕಿ ಕಿಟಕಿಯಲ್ಲೂ ದೀಪ ಹಚ್ಚಿಕೊಂಡು ನಿಂತಿತ್ತು.

ತಾರಸಿಯ ಮೇಲೆ ಬಸ್ಸೊಂದು ಬಂದು ನಿಂತಿತು.

ಜನ ಇಳಿದರು. ತರಕಾರಿ ಹಿಡಿದು, ಮಕ್ಕಳ ಕೈ ಹಿಡಿದು, ಬೀದಿ ದಾಟಿ, ಕಟ್ಟಡದ ಇನ್ನೊಂದು, ಅಗಲವಾದ ಬಾಗಿಲೊಳಗೆ ಹೋದರು. ಆ ಬಾಗಿಲಿಗೆ ಎದುರಾಗಿ, ಕಂಬಿಗೆ ಬೆನ್ನು ಕೊಟ್ಟು, ಮುದುಕ ಇನ್ನೂ ಕೂತಿದ್ದ. ಪಕ್ಕದ ಅಂಗಡಿಯಿಂದ ಹೆಂಗಸೊಬ್ಬಳು ಕೊನೆಗೂ ಹಿಂಜರಿಯುತ್ತ ಬಂದು ಅವನ ಕಿವಿಯ ಹತ್ತಿರ ಬಗ್ಗಿದಳು.

 ಮುದುಕ ಕೈ ಚಾಚಿ, ಖಾಲಿ ಸ್ಟೂಲನ್ನು ಮಡಚಿದ.