ಮೂರು ದಿನದ ಚರ್ಮ

ಪರವಾನಗಿ ಹೊಸದು ಮಾಡಿಸಲು ಜಗತ್ತಿನ ಯಾವ ಡಾಕ್ಟರರೇ ಆಗಲಿ, ಮೂರು ದಿನ ರೋಗಿಯ ಚರ್ಮ ತೊಡಲೇಬೇಕು. ಗದಗಿನ ಕೇಂದ್ರದಲ್ಲಿ ತೊಡಿಸುವ ಕೆಲಸ ಬಾಳವ್ವನದು. ಆ ಚರ್ಮದ ಅಚ್ಚು ತೆಗೆದದ್ದೂ ಆಕೆಯ ಮೈಯಿಂದಲೇ: ಬೆನ್ನು, ಮೊಣಕೈ, ನೆತ್ತಿಯ ತುಂಬ ಸೋರಿಯಾಸಿಸ್‌ನ ಕೆಂಪು ಕಲೆ, ಉದುರುವ ಹೊಟ್ಟು, ಉರಿ. ಆಕೆಯ ಕೀಲಿಯಿಲ್ಲದೆ ಅದು ಕಳಚದು.

ಅದನ್ನು ತೊಟ್ಟ ಒಂದೇ ದಿನಕ್ಕೆ ಡಾಕ್ಟರ್ ಪಟ್ಟಣಶೆಟ್ಟಿ ಓಡಿಬಂದರು.

"ತಗೀರಿ ಇದನ್ನ!"

"ತುರಿಕಿ ತಡಿಯಾಕ ಆಗವಲ್ದೇನ್ರೀ?"

"ತುರಿಕಿ ಹಾಳಾಗ್ಲಿ. ಮನ್ಯಾಗ ನನ್ನ ತಾಟ ಬ್ಯಾರೆ ಇಟ್ಟಾರ! ಮೊಮ್ಮಗಳನ್ನ ಹತ್ರ ಬಿಡವಲ್ರು. ಇದು ಅಂಟಂಗಿಲ್ಲ ಅಂದ್ರ ಒಬ್ಬರೂ ನಂಬವಲ್ರು."

ಬಾಳವ್ವನಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಟ್ರಂಕಿನಿಂದ ಇಪ್ಪತ್ತು ವರ್ಷದ ಹಿಂದಿನ ಚೀಟಿ ತೆಗೆದು ಅವರ ಮುಂದೆ ಬಡಿದಳು. ಅದರಲ್ಲಿ ಬರೆದಿತ್ತು: "ಅಂಟುರೋಗ. ಊಟ, ಹಾಸಿಗೆ ಬೇರೆ ಇರಲಿ." ಕೆಳಗೆ ಅವರದೇ ಸಹಿ.

"ನನ್ನ ಮೈ ಮುಟ್ಟಿ ನೋಡ್ಲಿಲ್ಲ ನೀವು. ಬಾಗಲದಾಗ ನಿಂದರಿಸೇ ಬರದ್ರಿ. ನನ್ನ ತಾಟ ಇವತ್ತಿಗೂ ಬ್ಯಾರೇನ ಐತ್ರೀ!"



ಬಾಳವ್ವ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

"ಇನ್ನೂ ಎರಡು ದಿನ ಅದಾವ್ರೀ. ಹೋಗಿ ಆ ತಾಟಿನ್ಯಾಗ ಉಣ್ರಿ."